ವೈನಿ ಆಡಿದ ಆಟ, ನಾನು ಹಾಕಿದ ಹೆಸರು

ಆ ಅಭಿಪ್ರಾಯ ನನ್ನದಲ್ಲ. ಅದರ ಕೆಳಗೆ ಅಚ್ಚಾದ ಹೆಸರು ನನ್ನದು, ಊರು ನನ್ನದು, ಪಕ್ಕದಲ್ಲಿ ಹಾಕಿದ್ದ ಅಂಚೆಚೀಟಿಯಷ್ಟು ಫೋಟೋ ಕೂಡ ನನ್ನದೇ — ಒಳಗಿನ ಮಾತು ಮಾತ್ರ ಒಂದೂ ನನ್ನದಲ್ಲ. ಬರೆದವರು ನನ್ನ ವೈನಿ, ಅಂದರೆ ನನ್ನ ಅಣ್ಣನ ಹೆಂಡತಿ. ನಾನು ಅದನ್ನು ಕದ್ದೆ. ಕದ್ದದ್ದು ಸಾಲದು ಎಂದು ಕೊನೆಯ ಭಾಗವನ್ನು ಕತ್ತರಿಸಿ ಬಿಸಾಕಿದೆ.

ವಿಷಯ ಕೇಳಿದರೆ ನಗು ಬರಬಹುದು. ಒಂದು ವಿಡಿಯೋ ಗೇಮು. ಹಳೆಯ ಸರಣಿಯೊಂದನ್ನು ಅದರ ಕಂಪನಿಯವರು ಹೊಸದಾಗಿ, ಮೊದಲಿನಿಂದ ಕಟ್ಟಿ ಬಿಟ್ಟಿದ್ದರು. ಅದು ಹೇಗಿದೆ ಎಂದು ಆಟಗಾರರು ಬರೆಯಬೇಕೆಂದು ಒಂದು ಪತ್ರಿಕೆಯ ಕಂಪ್ಯೂಟರ್ ಪುರವಣಿ ಕೇಳಿತ್ತು. ಅರ್ಧ ಪುಟದ ಬರಹ. ಇದಕ್ಕೆಲ್ಲ ತಪ್ಪೊಪ್ಪಿಗೆ ಬೇಕೇ ಎಂದು ನಾನೂ ವರ್ಷಗಟ್ಟಲೆ ನಕ್ಕು ಕಳೆದಿದ್ದೇನೆ. ಒಬ್ಬನೇ ಇದ್ದಾಗ ಆ ನಗು ಬರುತ್ತಿರಲಿಲ್ಲ, ಅಷ್ಟೇ.

ನಮ್ಮದು ಮೂಲತಃ ಹುಬ್ಬಳ್ಳಿ ಹತ್ತಿರದ ಸುಳ್ಳ ಎಂಬ ಹಳ್ಳಿಯ ಮನೆತನ. ಅಪ್ಪ ಹುಬ್ಬಳ್ಳಿಗೆ ಬಂದು ಕಮರಿಪೇಟೆಯಲ್ಲಿ ಭಾಂಡೆ ಅಂಗಡಿ ಇಟ್ಟರು. ಸ್ಟೀಲು, ಹಿತ್ತಾಳೆ, ಮದುವೆಗೆ ಕೊಡುವ ಕೊಡಗಳು. ಮನೆ ಉಣಕಲ್ಲಿನಲ್ಲಿ — ಕೆಳಗೆ ಪಡಸಾಲೆ, ದೇವರ ಖೋಲಿ, ಅಡುಗೆಮನೆ, ಎರಡು ಮಲಗುವ ಖೋಲಿ. ಮೇಲೆ ತಗಡು ಹೊದಿಸಿದ ಒಂದೇ ಒಂದು ಖೋಲಿ. ತೊಂಬತ್ತರ ದಶಕದ ಕೊನೆಗೆ ನಾನು ಕಂಪ್ಯೂಟರ್ ಕಲಿಯುತ್ತೇನೆ ಎಂದು ಹಟ ಹಿಡಿದಾಗ ಅಪ್ಪ ಒಂದು ಮಶೀನು ಕೊಡಿಸಿದರು. ಅದು ಮೇಲಿನ ಖೋಲಿ ಸೇರಿತು. ಆಗ ಆ ಖೋಲಿ ನನ್ನದಾಗಿತ್ತು, ಯಾರೂ ಹತ್ತಿ ಬರುತ್ತಿರಲಿಲ್ಲ.

ಅಣ್ಣನ ಮದುವೆಯಾಯಿತು. ವೈನಿ ಧಾರವಾಡದವರು. ಅವರ ಮಾತಿನ ನಯ ಕಂಡು ಅವ್ವ ಮೊದಲ ವಾರವೇ, "ನಿಮ್ಮ ಧಾರವಾಡದವ್ರು ಬೈದ್ರೂ ಹಾಡು ಹೇಳಿದಂಗ ಇರತೈತಿ ನೋಡವಾ" ಎಂದು ಚೇಷ್ಟೆ ಮಾಡಿದ್ದಳು. ವೈನಿ ನಕ್ಕಿದ್ದರು. ಅವರು ಹೆಚ್ಚು ಮಾತಿನವರಲ್ಲ. ಆದರೆ ಆಡಿದ ಮಾತು ಗುರಿ ತಪ್ಪುತ್ತಿರಲಿಲ್ಲ.

ನಮ್ಮ ಮನೆಯಲ್ಲಿ ಆಗ ಹೊರಗಾಗುವುದು ಕಟ್ಟುನಿಟ್ಟು. ತಿಂಗಳಿಗೆ ಮೂರು ದಿನ ಹೆಂಗಸರು ಒಳಗಿನದು ಏನನ್ನೂ ಮುಟ್ಟುವ ಹಾಗಿಲ್ಲ. ತಾಟು ಬೇರೆ, ಚಾಪೆ ಬೇರೆ, ನಾಲ್ಕನೆಯ ದಿನ ತಲೆಗೆ ನೀರು ಹಾಕಿಕೊಂಡು, ಮುಟ್ಟಿದ್ದನ್ನೆಲ್ಲ ತೊಳೆದು ಒಳಗೆ ಬರಬೇಕು. ಮದುವೆಯ ಮೊದಲ ತಿಂಗಳು ವೈನಿಗೆ ಎಲ್ಲಿ ಜಾಗ ಮಾಡುವುದು ಎಂಬ ಪ್ರಶ್ನೆ ಎದ್ದಾಗ ಅವ್ವ ಮೇಲಿನ ಖೋಲಿ ತೋರಿಸಿದಳು. ನನ್ನ ಹಾಸಿಗೆ ಕೆಳಗಿಳಿಯಿತು. ಕಂಪ್ಯೂಟರ್ ಇಳಿಯಲಿಲ್ಲ — ಅದರ ವಾಯರು, ಯುಪಿಎಸ್ಸು, ಇಷ್ಟು ದೊಡ್ಡ ಬಿಳಿ ಮಾನಿಟರು, ಅದನ್ನೆಲ್ಲ ಬಿಚ್ಚುವವರು ಯಾರು. ಅವ್ವ ಮೆಟ್ಟಿಲ ಕೆಳಗೆ ನಿಂತು ಕೂಗಿ ಹೇಳಿದಳು:

"ಆ ಮಶೀನಿಗಿ ಮಾತ್ರ ಕೈ ಹಚ್ಚಬ್ಯಾಡವಾ. ಅದನ್ನ ತೊಳ್ಯಾಕ ಬರೂದಿಲ್ಲ."

ಅವ್ವನ ಲೆಕ್ಕ ಅಷ್ಟೇ. ತೊಳೆಯಲು ಬರುವುದನ್ನು ಮುಟ್ಟಬಹುದು, ಬರದ್ದನ್ನು ಮುಟ್ಟಬಾರದು. ಇದರ ಮೇಲೆ ವಾದಿಸುವ ಧೈರ್ಯ ಅಪ್ಪನಿಗೂ ಇರಲಿಲ್ಲ.

ನಾನು ಆಗ ಒಂದು ಕಂಪ್ಯೂಟರ್ ಕ್ಲಾಸಿನಲ್ಲಿ ಕಲಿಸಲು ಸೇರಿದ್ದೆ. ಬೆಳಗ್ಗೆ ಒಂದು ಬ್ಯಾಚು, ಸಂಜೆ ಒಂದು, ಮಧ್ಯಾಹ್ನ ಮನೆ. ಹಾಗಾಗಿ ಆ ಮೂರು ದಿನ ವೈನಿಯ ಊಟದ ತಾಟನ್ನು ಮೇಲೆ ಒಯ್ದು ಹೊಸ್ತಿಲಲ್ಲಿ ಇಡುವ ಕೆಲಸ ನನಗೆ ಬಿತ್ತು. ಎರಡನೆಯ ತಿಂಗಳೋ ಮೂರನೆಯದೋ — ಚಾಪೆಯ ಮೇಲೆ ಕೂತು ಅವರು ಆ ಮಶೀನನ್ನೇ ನೋಡುತ್ತಿದ್ದರು. ಪ್ಲಾಸ್ಟಿಕ್ ಹೊದಿಕೆ ಹಾಕಿದ್ದ ಬರಿ ಮಶೀನು.

"ಗುರುನಾಥ, ಇದರಾಗ ಕಂದೀಲಕ್ಕ ಅದಾಳೇನು?"

ನನಗೆ ತಿಳಿಯಲಿಲ್ಲ. ವೈನಿ ಬಿಡಿಸಿ ಹೇಳಿದರು. ಒಬ್ಬಳು ಹೆಂಗಸು, ಕೈಯಲ್ಲಿ ಕಂದೀಲು, ಮರಳಿನಲ್ಲಿ ಹೂತುಹೋದ ಊರಿನೊಳಗೆ ಇಳಿಯುವ ಆಟ. ಅದರ ಇಂಗ್ಲಿಷ್ ಹೆಸರು ಮೊಳ ಉದ್ದ ಇತ್ತು. ಅವರ ತವರಿನಲ್ಲಿ ಅದಕ್ಕೆ ಕಂದೀಲಕ್ಕ ಎಂದೇ ಹೆಸರು. ಅವರ ತಮ್ಮನ ಕಂಪ್ಯೂಟರಿನಲ್ಲಿತ್ತು. ತಮ್ಮ ಎದ್ದು ಹೋದಾಗ ಇವರು ಆಡುತ್ತಿದ್ದರು, ತಮ್ಮ ಬಂದಾಗ ಏಳುತ್ತಿದ್ದರು. ಅರ್ಧಕ್ಕೆ ಬಂದಾಗ ಮದುವೆ ಗೊತ್ತಾಯಿತು.

ಆ ಆಟ ನನ್ನ ಹತ್ತಿರ ಇತ್ತು. ನಾನು ಎರಡನೆಯ ಹಂತ ದಾಟಿರಲಿಲ್ಲ. ಅಲ್ಲಿ ಆರು ನಾಯಿಗಳು ಬರುತ್ತವೆ, ನಾನು ಪ್ರತಿಸಲ ಸಾಯುತ್ತಿದ್ದೆ. ಕ್ಲಾಸಿನ ಹುಡುಗರಿಗೆ ಮಾತ್ರ ಪೂರ್ತಿ ಮುಗಿಸಿದ್ದೇನೆ ಎಂದು ಹೇಳಿದ್ದೆ.

"ಆಡ್ರಿ ವೈನಿ," ಎಂದೆ. "ಅವ್ವಗ ನಾ ಹೇಳೂದಿಲ್ಲ. ಆಮ್ಯಾಲೆ ನಾನ ಒರಸಿ ಇಡತೇನಿ."

ಹೀಗೆ ಶುರುವಾಯಿತು. ಪ್ರತಿ ತಿಂಗಳು ಮೂರು ದಿನ. ಸ್ಪೀಕರ್ ಬಂದ್, ಬಾಗಿಲು ಅರ್ಧ ತೆರೆದು. ಊಟದ ತಾಟು ಇಟ್ಟು ನಾನು ಹೊಸ್ತಿಲ ಈಚೆ ಮೆಟ್ಟಿಲ ಮೇಲೆ ಕೂಡುತ್ತಿದ್ದೆ. ಆಚೆ ಅವರು ಆಡುತ್ತಿದ್ದರು. ಆ ಹಳೆಯ ಆಟ ಬಹಳ ನಿಷ್ಠುರದ್ದು. ಯಾರೂ ದಾರಿ ಹೇಳುವುದಿಲ್ಲ. ಕಂದೀಲಿನಲ್ಲಿ ಎಣ್ಣೆ ಇದ್ದಷ್ಟು ಹೊತ್ತು ಮಾತ್ರ ಬೆಳಕು. ಎಣ್ಣೆ ಮುಗಿಯುವುದರೊಳಗೆ ಬಾವಿಯ ಕಟ್ಟೆ ಸಿಗಬೇಕು, ಕಟ್ಟೆ ಸಿಕ್ಕರೆ ಮಾತ್ರ ಆಟ ಉಳಿಸಿಕೊಳ್ಳಬಹುದು. ವೈನಿ ಹೆಜ್ಜೆ ಎಣಿಸುತ್ತಿದ್ದರು — ರೊಟ್ಟಿ ಬಡಿಯುವಾಗ ಇರುತ್ತದಲ್ಲ, ಅಂಥದೇ ಒಂದು ಲಯದಲ್ಲಿ. ಆರು ನಾಯಿಗಳನ್ನು ಅವರು ಮೊದಲ ಮಧ್ಯಾಹ್ನವೇ ದಾಟಿದರು. ಓಡಬಾರದಂತೆ, ಗೋಡೆಗೆ ಬೆನ್ನು ಹಚ್ಚಿ ನಿಲ್ಲಬೇಕಂತೆ. ನನಗೆ ಹೊಟ್ಟೆಕಿಚ್ಚಾಯಿತು. ಮೆಚ್ಚಿದೆ ಎಂದು ಹೇಳಬಹುದಿತ್ತು, ಹೇಳಲಿಲ್ಲ.

ಕರೆಂಟು ಹೋಗುತ್ತಿತ್ತು. ಯುಪಿಎಸ್ಸು ಕಿರುಚಲು ಶುರುಮಾಡಿದರೆ ಹತ್ತು ನಿಮಿಷ. ಬಾವಿ ಸಿಗದಿದ್ದರೆ ಅರ್ಧ ದಿನದ ಆಟ ಮಣ್ಣು. ಆಗ ವೈನಿ, "ಹೋಗ್ಲಿ ಬಿಡು, ಮುಂದಿನ ತಿಂಗಳು" ಎಂದು ತಾಟು ಎಳೆದುಕೊಂಡು ಉಣ್ಣಲು ಕೂಡುತ್ತಿದ್ದರು. ಬಸಿರು, ಬಾಣಂತನ, ಮಗಳು ಸಣ್ಣವಳು — ನಡುವೆ ಎರಡು ವರ್ಷ ಹಾಗೇ ಹೋದವು. ಆದರೂ ಬಿಡಲಿಲ್ಲ. ಹಳೆಯ ಕಂದೀಲಕ್ಕನನ್ನು ಅವರು ಮೂರು ಮೂರು ದಿನದ ತುಣುಕುಗಳಲ್ಲಿ ಕೊನೆ ಮುಟ್ಟಿಸಿದರು. ಮುಗಿದ ದಿನ ಒಂದು ಹೋಳಿಗೆ ಹೆಚ್ಚು ಕೇಳಿ ತರಿಸಿಕೊಂಡು ತಿಂದರು. ಮನೆಯಲ್ಲಿ ಯಾರಿಗೂ ಗೊತ್ತಿಲ್ಲ. ಗೊತ್ತಿದ್ದವನು ನಾನೊಬ್ಬನೇ.

ಎರಡು ಸಾವಿರದ ಆರೋ ಏಳೋ ಇರಬೇಕು, ಹೊಸದು ಬಂತು. ಸ್ಟೇಶನ್ ರಸ್ತೆಯ ಸಿಡಿ ಅಂಗಡಿಯಲ್ಲಿ ಸಿಕ್ಕಿತು. ಅದಕ್ಕೆಂದೇ ಮಶೀನಿಗೆ ಹೊಸ ಗ್ರಾಫಿಕ್ಸ್ ಕಾರ್ಡು ಹಾಕಿಸಿದೆ — ಕ್ಲಾಸಿನ ಕೆಲಸಕ್ಕೆ ಬೇಕು ಎಂದು ಅಪ್ಪನಿಗೆ ಹೇಳಿ. ಅದೇ ಕಂದೀಲಕ್ಕ, ಅದೇ ಮರಳಿನ ಊರು. ಆದರೆ ಎಲ್ಲ ಮೊದಲಿನಿಂದ, ಬೇರೆ ರೀತಿಯಲ್ಲಿ. ಈಗ ಕಂದೀಲು ಆರುವುದೇ ಇಲ್ಲ. ಹೋಗಬೇಕಾದ ಕಡೆ ನೆಲದ ಮೇಲೆ ಬೆಳಕಿನ ಗೆರೆ ಮೂಡುತ್ತದೆ. ಅವಳ ಕಿವಿಯಲ್ಲಿ ಒಬ್ಬ ಗಂಡಸು ಸದಾ ಮಾತಾಡುತ್ತಿರುತ್ತಾನೆ — ಎಡಕ್ಕೆ ಹೋಗು, ಹುಷಾರು, ಆ ಕಂಬ ನೋಡಿದೆಯಾ. ಮತ್ತು ಅವಳು ಯಾಕೆ ಇಳಿದಳು ಎಂಬುದಕ್ಕೆ ಒಂದು ಕಥೆ ಹಚ್ಚಿದ್ದರು: ಅವಳ ಅಪ್ಪ ಅಲ್ಲಿ ಕಳೆದುಹೋಗಿದ್ದಾನೆ, ಹುಡುಕಲು ಹೋಗಿದ್ದಾಳೆ.

ಮೊದಲ ದಿನವೇ ವೈನಿ ಇಯರ್‌ಫೋನು ಕಿತ್ತು ಮೇಜಿನ ಮೇಲೆ ಇಟ್ಟರು.

"ಅಯ್ಯ, ಈ ಮನಶ್ಯಾ ಬಾಯಿ ಮುಚ್ಚೂದ ಇಲ್ಲಲ್ಲೋ! ಕೆಳಗ ಅತ್ತಿಯವರು, ಇಲ್ಲಿ ಇಂವ. ನಾ ಮತ್ತ ಮ್ಯಾಲೆ ಯಾಕ ಬಂದೆ?"

ನಾನು ನಕ್ಕೆ. ಅವರೂ ನಕ್ಕರು. ಆದರೆ ಆಡುತ್ತ ಹೋದ ಹಾಗೆ ಅವರ ಮಾತು ಬೇರೆಯಾಯಿತು. ಎರಡು ತಿಂಗಳು, ಮೂರು ತಿಂಗಳು. ಬೈಯುತ್ತಿದ್ದವರು ಒಮ್ಮೆ, ಗೋಡೆ ಹತ್ತುವಾಗ ಅವಳ ಬೆರಳು ಕಲ್ಲು ಹಿಡಿಯುವ ರೀತಿ ನೋಡು, ಇದನ್ನು ಮಾಡಿದವರು ಛಲೋ ಮಂದಿ ಎಂದರು. ಆ ಹೊತ್ತಿಗೇ ಪುರವಣಿಯಲ್ಲಿ ಆಹ್ವಾನ ಬಂತು. ನಾನೇ ಒಯ್ದು ಹೊಸ್ತಿಲಲ್ಲಿ ಕೂತು ಓದಿ ಹೇಳಿದೆ. ವೈನಿ ಪೆನ್ಸಿಲು ಕೇಳಿದರು.

ನನ್ನ ಹಳೆಯ ನೋಟುಬುಕ್ಕಿನ ಹಿಂದಿನ ಹಾಳೆಗಳಲ್ಲಿ ಅವರು ಮೂರು ದಿನ ಬರೆದರು. ನಾಲ್ಕು ಹಾಳೆ. ಕೊನೆಯ ಮಧ್ಯಾಹ್ನ ಅದನ್ನು ಹೊಸ್ತಿಲ ಮೇಲೆ ಇಟ್ಟು, ಕೈ ಹಿಂದೆ ತೆಗೆದುಕೊಂಡು ಹೇಳಿದ ಮಾತು ನನಗೆ ಅಕ್ಷರ ಅಕ್ಷರ ನೆನಪಿದೆ.

"ತಪ್ಪಿದ್ದರ ತಿದ್ದು. ನನ್ನ ಹೆಸರಿಲೇ ಕಳಸು — ತವರುಮನಿ ಹೆಸರು ಹಾಕು, ಇಲ್ಲೆ ಯಾರಿಗೂ ಗೊತ್ತಾಗೂದಿಲ್ಲ. ಅಚ್ಚಾದ್ರ ಒಂದು ಪ್ರತಿ ನಮ್ಮ ಅಪ್ಪಗ ಕಳಸೋಣ. ಆತಿಲ್ಲೋ?"

"ಆತ್ರಿ ವೈನಿ," ಎಂದೆ.

ಈ ಒಂದು ಮಾತು ನಾನು ನನಗೇ ಹೇಳಿಕೊಂಡ ಎಲ್ಲ ಸಮಾಧಾನಗಳನ್ನೂ ಸುಳ್ಳು ಮಾಡುತ್ತದೆ. ಅವರ ಹೆಸರು ಹಾಕಿದ್ದರೆ ಮನೆಯಲ್ಲಿ ರಾದ್ಧಾಂತವಾಗುತ್ತಿತ್ತು, ಹೊರಗಾದಾಗ ಮಶೀನು ಮುಟ್ಟಿದ್ದು ಬಯಲಾಗುತ್ತಿತ್ತು, ನಾನು ಅವರನ್ನು ಕಾಪಾಡಿದೆ — ಹೀಗೆಲ್ಲ. ಆದರೆ ಅವರು ಅದಕ್ಕೂ ದಾರಿ ತೋರಿಸಿದ್ದರು. ತವರಿನ ಹೆಸರು. ಉಣಕಲ್ಲಿನಲ್ಲಿ ಆ ಹೆಸರು ಯಾರಿಗೆ ಗೊತ್ತಿತ್ತು?

ಬರಹ ಚೆನ್ನಾಗಿತ್ತು. ಚೆನ್ನಾಗಿತ್ತು ಎಂದರೆ — ನಾನು ಓದಿ ಎದ್ದು ಎರಡು ಸಲ ಖೋಲಿಯಲ್ಲಿ ಓಡಾಡಿದೆ. ಹಳೆಯ ಕಂದೀಲಕ್ಕನಿಗೆ ಒಳಗೆ ಇಳಿಯಲು ಕಾರಣ ಬೇಕಿರಲಿಲ್ಲ, ನೋಡಬೇಕು ಅನ್ನಿಸಿತು, ಇಳಿದಳು. ಹೊಸಬಳಿಗೆ ಕಳೆದುಹೋದ ಅಪ್ಪನನ್ನು ಯಾಕೆ ಗಂಟು ಹಾಕಿದ್ದೀರಿ, ಹೆಂಗಸು ತನ್ನ ಖುಷಿಗೆ ಎಲ್ಲಿಗೂ ಹೋಗುವುದಿಲ್ಲ ಎಂದು ಯಾರು ಹೇಳಿದರು ಎಂದು ಕೇಳಿದ್ದರು. ಆರದ ಕಂದೀಲು ಕಂದೀಲೇ ಅಲ್ಲ, ಅದು ಟ್ಯೂಬ್‌ಲೈಟು ಎಂದಿದ್ದರು. ಕಿವಿಯಲ್ಲಿ ಮಾತಾಡುವವನ ಬಗ್ಗೆ ಒಂದು ಇಡೀ ಪ್ಯಾರಾ. ನಾನು ಐದಾರು ವರ್ಷ ಹೊಸ್ತಿಲಲ್ಲಿ ಕೂತು ನೋಡಿದ್ದೆ, ಇದರಲ್ಲಿ ಒಂದೂ ನನಗೆ ಹೊಳೆದಿರಲಿಲ್ಲ.

ಕೊನೆಯ ಹಾಳೆಯಲ್ಲಿ ಅವರ ಮಾತು ಹೊಗಳಿಕೆಗೆ ತಿರುಗಿತ್ತು. ಅದನ್ನು ಇಲ್ಲಿ ಬರೆಯುತ್ತೇನೆ, ಯಾಕೆಂದರೆ ಅಂದು ಅದನ್ನು ತೆಗೆದವನು ನಾನು. "ಇಷ್ಟೆಲ್ಲ ಬೈದರೂ ನಾನು ಹೊಸ ಆಟವನ್ನು ಬಿಡುವುದಿಲ್ಲ. ಕರೆಂಟು ಹೋದರೆ ಇದು ತಾನೇ ಉಳಿಸಿಕೊಳ್ಳುತ್ತದೆ. ನಮ್ಮಂಥ ಊರಿಗೆ ಇದು ದೊಡ್ಡ ಉಪಕಾರ. ಹಳೆಯ ಆಟ ದಿನವೂ ಪುರುಸೊತ್ತು ಇದ್ದವರಿಗೆ ಮಾಡಿದ್ದು. ನನಗೆ ತಿಂಗಳಿಗೆ ಮೂರು ದಿನ ಸಿಗುತ್ತದೆ. ಮೂರು ದಿನದವಳೂ ಒಂದು ದಿವಸ ಕೊನೆ ನೋಡಲಿ ಎಂದು ಯಾರೋ ಎಲ್ಲೋ ಕೂತು ಯೋಚಿಸಿದ ಹಾಗಿದೆ. ಅವರಿಗೆ ನನ್ನ ನಮಸ್ಕಾರ."

ಕ್ಲಾಸಿನ ಕಂಪ್ಯೂಟರಿನಲ್ಲಿ ಕೂತು ಅದನ್ನು ಟೈಪು ಮಾಡಿದೆ. ಹುಡುಗರು ಹಿಂದೆ ನಿಂತಿದ್ದರು. "ಸರ್, ನೀವು ಬರದ್ರೇನ್ರಿ?" ಎಂದು ಒಬ್ಬ ಕೇಳಿದ. ಇಲ್ಲ ಎನ್ನಲು ಎಷ್ಟು ಹೊತ್ತು ಬೇಕು? ನಾನು ಹೂಂ ಎಂದೆ. ಹೂಂ ಎಂದ ಮೇಲೆ ಕೆಳಗೆ ನನ್ನ ಹೆಸರೇ ಬರಬೇಕಾಯಿತು — ಬರಬೇಕಾಯಿತು ಎನ್ನುವುದೂ ಒಂದು ಜಾರಿಕೆ. ನಾನೇ ಹೊಡೆದೆ, ಬೆರಳು ತಪ್ಪಿ ಆದದ್ದಲ್ಲ. ಮೂರು ದಿನದ ಮಾತು ನನ್ನ ಹೆಸರಿಗೆ ಹೊಂದುವುದಿಲ್ಲವಲ್ಲ, ಅದಕ್ಕೇ ಕೊನೆಯ ಹಾಳೆ ತೆಗೆದೆ. ಹೊಗಳಿಕೆ ಹೋದದ್ದರಿಂದ ಬರಹ ಬರೇ ಬೈಗುಳವಾಯಿತು. ಬೈದರೆ ಬುದ್ಧಿವಂತನ ಹಾಗೆ ಕಾಣುತ್ತದೆ ಎಂದೂ ಅನ್ನಿಸಿತು.

ಭಾನುವಾರ ಅಚ್ಚಾಗಿ ಬಂತು. ನಾನು ವೈನಿಗೆ ಮೊದಲೇ ಹೇಳಿರಲಿಲ್ಲ. ಹೇಳಬೇಕು, ನಾಳೆ ಹೇಳೋಣ ಎಂದು ಎರಡು ವಾರ ಮುಂದೂಡಿದ್ದೆ. ಪಡಸಾಲೆಯಲ್ಲಿ ಅಪ್ಪ ಪೇಪರು ಬಿಡಿಸಿದವರು ನನ್ನ ಫೋಟೋ ಕಂಡು ಎದ್ದೇ ನಿಂತರು.

"ಲೇ, ಎಲ್ಲಾರೂ ಬರ್ರಿ ಇಲ್ಲಿ! ಗುರ್ಯಾಂದು ಪೇಪರ್‌ನ್ಯಾಗ ಬಂದೈತಿ!"

ಅವ್ವ ಬಂದಳು, ಅಣ್ಣ ಬಂದ. ವೈನಿ ಚಹಾದ ತಾಟು ಹಿಡಿದುಕೊಂಡು ಅಡುಗೆಮನೆಯ ಬಾಗಿಲಲ್ಲಿ ನಿಂತರು. ಅಪ್ಪ ಚಸ್ಮಾ ಏರಿಸಿ, ಒಂದೊಂದೇ ಸಾಲು, ಗಟ್ಟಿಯಾಗಿ ಓದತೊಡಗಿದರು. ಭಾಂಡೆ ವ್ಯಾಪಾರಿಗೆ ಕಂದೀಲಕ್ಕ ಯಾರು ಗೊತ್ತು. ಆದರೂ ಓದುತ್ತ ಓದುತ್ತ ಅವರ ಧ್ವನಿ ಏರಿತು. ಟ್ಯೂಬ್‌ಲೈಟಿನ ಮಾತಿಗೆ ಅಣ್ಣ ತೊಡೆ ತಟ್ಟಿ ನಕ್ಕ. ನಾನು ಗೋಡೆಯ ಕ್ಯಾಲೆಂಡರು ನೋಡುತ್ತಿದ್ದೆ. ಅಪ್ಪ ಓದಿ ಮುಗಿಸಿ ನನ್ನ ಹೆಸರನ್ನೂ ಓದಿ, ಪೇಪರು ಮಡಚಿದರು.

ವೈನಿ ಹೇಳಿದರು: "ಮುಂದಿಂದು ಓದ್ರಿ ಮಾವಾರ. ಇನ್ನೂ ನಾಕು ಸಾಲು ಇರಬೇಕು."

"ಇಲ್ಲವಾ, ಇಷ್ಟ ಐತಿ."

"ಹೌದ್ರೇನು?" ಎಂದರು ವೈನಿ. "ನಾ ಇನ್ನೂ ಅದ ಅಂತ ತಿಳದಿದ್ದೆ."

ಅಷ್ಟೇ. ಚಹಾ ಕೊಟ್ಟರು. ನನ್ನ ಕಪ್ಪನ್ನೂ ನನ್ನ ಮುಂದೆ ಇಟ್ಟರು. ನಾನು ತಲೆ ಎತ್ತಲಿಲ್ಲ. ಎತ್ತಿದ್ದರೆ ಏನು ಕಾಣುತ್ತಿತ್ತು — ಇಂದಿಗೂ ನನಗೆ ಗೊತ್ತಿಲ್ಲ.

ಅಪ್ಪನ ಹಿಗ್ಗು ಅಲ್ಲಿಗೇ ನಿಲ್ಲಲಿಲ್ಲ. ಇಂಥ ಮಗ ಆ ತಗಡಿನ ಕೆಳಗೆ ಬೇಯುತ್ತ ಕೂತು ಬರೆಯುವುದೇ? "ಇವತ್ತ ಆ ಮಶೀನ್ ಕೆಳಗ ಇಳಸ್ರಿ. ಪಡಸಾಲ್ಯಾಗ ಇರಲಿ, ಬಂದವ್ರು ಹೋದವ್ರು ನೋಡಲಿ," ಎಂದರು. ಅಣ್ಣ ಅಂದೇ ಮಧ್ಯಾಹ್ನ ಮಾನಿಟರು ಎದೆಗವಚಿಕೊಂಡು ಮೆಟ್ಟಿಲಿಳಿದ. ದೇವರ ಖೋಲಿಯ ಗೋಡೆಗೆ ತಾಗಿ ಒಂದು ಹೊಸ ಮೇಜು ಬಂತು. ಶುಕ್ರವಾರ ಅವ್ವ ಮಾನಿಟರಿನ ಹಣೆಗೆ ಅರಿಸಿನ ಕುಂಕುಮ ಹಚ್ಚಿ ಆರತಿ ಎತ್ತಿದಳು. ಹೊರಗಾದವರು ಆ ಪಡಸಾಲೆಗೆ ಕಾಲಿಡುವ ಹಾಗೇ ಇಲ್ಲ. ಉಳಿದ ಇಪ್ಪತ್ತೇಳು ದಿನ ವೈನಿಗೆ ಕೈ ಬಿಡುವು ಇಲ್ಲ.

ವಾಯರು ಬಿಚ್ಚಿ ಕೊಟ್ಟವನು ನಾನೇ. "ಅಪ್ಪಾ, ನನಗ ಮ್ಯಾಲೇ ಛಲೋ ಅನಸ್ತದ, ಅಲ್ಲೇ ಇರಲಿ" ಎಂದು ಒಂದೇ ಒಂದು ಮಾತು ಹೇಳಿದ್ದರೆ ಅವರು ಅಲ್ಲೇ ಬಿಡುತ್ತಿದ್ದರು. ಅಂದು ಅವರು ನಾನು ಏನು ಕೇಳಿದ್ದರೂ ಕೊಡುತ್ತಿದ್ದರು. ಹೆಸರು ಕದ್ದದ್ದು ಒಂದು ಕ್ಷಣದ ಬುದ್ಧಿಗೇಡಿತನ ಎಂದು ಯಾರಾದರೂ ನನ್ನ ಪರ ವಾದಿಸಬಹುದು. ಇದಕ್ಕೆ ಯಾವ ವಾದವೂ ಇಲ್ಲ. ಪಡಸಾಲೆಯಲ್ಲಿ ಮಶೀನು ಇದ್ದರೆ ಓಣಿಯವರು ಬಂದು ನೋಡುತ್ತಾರೆ, ನನ್ನನ್ನು ಕೇಳುತ್ತಾರೆ. ನನಗೆ ಅದು ಬೇಕಾಗಿತ್ತು.

ಮುಂದಿನ ತಿಂಗಳು ತಾಟು ಒಯ್ದೆ. ಖೋಲಿಯಲ್ಲಿ ಖಾಲಿ ಮೇಜು. ವೈನಿ ಚಾಪೆಯ ಮೇಲೆ ಗೋಡೆಯ ಕಡೆ ಮುಖ ಮಾಡಿ ಮಲಗಿದ್ದರು. ನಿದ್ದೆ ಬಂದಿರಲಿಲ್ಲ.

"ವೈನಿ, ಅದು ಏನಾತಂದ್ರ—"

"ತಾಟು ಅಲ್ಲೇ ಇಟ್ಟು ಹೋಗ್ರಿ."

ಮದುವೆಯಾಗಿ ಬಂದಾಗಿನಿಂದ ನನಗೆ ನೀ ಎನ್ನುತ್ತಿದ್ದವರು. ಮೆಟ್ಟಿಲು ಇಳಿಯುವಾಗ ನನಗೆ ಅಳು ಬಂತು, ಸುಳ್ಳಲ್ಲ. ಆದರೆ ಇಳಿದ ಮೇಲೆ ಪಡಸಾಲೆಯಲ್ಲಿ ಪಕ್ಕದ ಮನೆಯವರು ಕೂತಿದ್ದರು, ಪೇಪರಿನ ವಿಷಯ ತೆಗೆದರು. ನಾನು ಮುಖ ತೊಳೆದು ಹೋಗಿ ಕೂತೆ.

ಪುರವಣಿಯವರು ಇನ್ನೊಂದು ಆಟದ ಬಗ್ಗೆ ಬರೆಯಿರಿ ಎಂದು ಪತ್ರ ಹಾಕಿದರು. ನಾಚಿಕೆಗೇಡು ನೋಡಿ, ಆ ಪತ್ರ ಹಿಡಿದುಕೊಂಡು ಅಡುಗೆಮನೆಗೆ ಹೋದೆ. ವೈನಿ ಒಲೆಯ ಮುಂದಿನಿಂದ ತಿರುಗದೆ, "ಆಡಿದವರನ್ನ ಕೇಳ್ರಿ" ಎಂದರು. ನಾನೇ ಬರೆದೆ. ಒಂದು ಸಲ ಹಾಕಿದರು, ಎರಡನೆಯದಕ್ಕೆ ಉತ್ತರವೂ ಬರಲಿಲ್ಲ. ಒಂದು ದಿನ ಓಣಿಯ ಹುಡುಗರ ಮುಂದೆ ವೈನಿ ಉಳಿಸಿದ್ದ ಆಟವನ್ನು ತೆಗೆದು ಮುಂದೆ ಆಡಿ ತೋರಿಸಲು ಹೋಗಿ ಅರ್ಧ ನಿಮಿಷದಲ್ಲಿ ಸತ್ತೆ. ಆ ಆಟ ಮುಗಿಯಲು ಎರಡೇ ಹಂತ ಉಳಿದಿದ್ದವು. ಮಶೀನು ಮರುವರ್ಷ ಕೆಟ್ಟು ಹೋಯಿತು.

ಇದರ ಮುಂದಿನದನ್ನು ಹೇಗೆ ಹೇಳಬೇಕೋ ತಿಳಿಯುತ್ತಿಲ್ಲ. ಎರಡು ಮೂರು ವರ್ಷದಲ್ಲಿ ಅವ್ವನ ಮೊಣಕಾಲು ಹೋದವು. ಬಚ್ಚಲಲ್ಲಿ ಜಾರಿ ಬಿದ್ದ ಮೇಲೆ ಒಲೆಯ ಮುಂದೆ ನಿಲ್ಲಲು ಆಗುತ್ತಿರಲಿಲ್ಲ. ಒಂದು ದಿನ ಅವಳೇ ಹೇಳಿದಳು: "ಸಾಕವಾ ಈ ಹೊರಗ ಕೂಡೂದು. ಈಗ ಯಾರ ಮನ್ಯಾಗೂ ಮಾಡೂದಿಲ್ಲ. ನೀ ಒಳಗ ಇರು." ಅಣ್ಣ ಖುಷಿಪಟ್ಟ. ಅಪ್ಪ ಅಂಗಡಿಯಲ್ಲಿ ನಾಲ್ಕು ಜನರಿಗೆ ಹೇಳಿಕೊಂಡರು, ನಮ್ಮ ಮನೆಯಲ್ಲಿ ಅಂಥದೆಲ್ಲ ಬಿಟ್ಟಿದ್ದೇವೆ ಎಂದು. ನಾನೂ ಸುಧಾರಣೆಯ ಬಗ್ಗೆ ಏನೋ ಮಾತಾಡಿದ ನೆನಪು.

ಆ ಪದ್ಧತಿ ಹೋಗಲೇಬೇಕಿತ್ತು, ಅದರಲ್ಲಿ ನನಗೆ ಅನುಮಾನವಿಲ್ಲ. ಆದರೆ ಅಂದಿನಿಂದ ವೈನಿ ಮೂವತ್ತು ದಿನವೂ ಒಲೆಯ ಮುಂದೆ ನಿಂತರು, ಹೊಟ್ಟೆನೋವು ಇದ್ದಾಗಲೂ. ಮೂರು ದಿನ ಹೋದವು, ಅದರ ಬದಲಿಗೆ ಅರ್ಧ ದಿನವನ್ನೂ ಯಾರೂ ಕೊಡಲಿಲ್ಲ. ಅವರಿಗೆ ಪುರುಸೊತ್ತು ಬೇಕು ಎಂದು ಮನೆಯಲ್ಲಿ ಯಾರಿಗೂ ಗೊತ್ತಿರಲಿಲ್ಲ — ಗೊತ್ತಿದ್ದವನು ನಾನೊಬ್ಬನೇ, ನಾನು ಬಾಯಿ ಬಿಡಲಿಲ್ಲ. ಆ ಹೊಸ ಆಟದ ಕೊನೆಯನ್ನು ಅವರು ನೋಡಲೇ ಇಲ್ಲ. ಅವರ ಅಪ್ಪ, ಒಂದು ಪ್ರತಿ ಕಳಿಸಬೇಕೆಂದಿದ್ದರಲ್ಲ, ಅವರೂ ತೀರಿಕೊಂಡರು.

ಅಚ್ಚಾದ ಆ ತುಣುಕನ್ನು ಅಪ್ಪ ಅಂಗಡಿಯ ಮೇಜಿನ ಗಾಜಿನ ಕೆಳಗೆ ಇಟ್ಟಿದ್ದರು. ಹದಿನೈದು ವರ್ಷಕ್ಕೂ ಮೇಲೆ ಗಿರಾಕಿಗಳು ಅದರ ಮೇಲೆ ಕೊಡ ಇಟ್ಟು ಚೌಕಾಶಿ ಮಾಡಿದ್ದಾರೆ. ಮೊನ್ನೆ ಅಂಗಡಿಗೆ ಹೊಸ ಫರ್ನಿಚರು ಹಾಕಿಸುವಾಗ ಗಾಜು ಎತ್ತಿದೆವು. ಅಣ್ಣನ ಮಗಳು, ಈಗ ಕಾಲೇಜಿಗೆ ಹೋಗುತ್ತಾಳೆ, ಅದನ್ನು ಬಿಡಿಸಿ ನಿಂತಲ್ಲೇ ಓದಿದಳು. ಓದಿ ನನ್ನ ಮುಖ ನೋಡಿದಳು.

"ಕಾಕಾ, ಖರೇನ ನೀ ಬರದಿದ್ದೇನಿದು? ಓದಿದ್ರ ನಮ್ಮವ್ವ ಮಾತಾಡಿದಂಗ ಅನಸ್ತದಲ್ಲ."

ಮತ್ತೆ ಹೂಂ ಎನ್ನಬಹುದಿತ್ತು. ನಾಲಿಗೆ ಹೊರಳಲಿಲ್ಲ. "ನಿಮ್ಮ ಅವ್ವ ಬರದದ್ದು" ಎಂದೆ. ಅವಳು ತುಣುಕನ್ನು ಮಡಚಿ ತನ್ನ ಬ್ಯಾಗಿನಲ್ಲಿ ಹಾಕಿಕೊಂಡಳು, ನನಗೆ ತಿರುಗಿ ಕೊಡಲಿಲ್ಲ.

ಆ ವಾರ ಇದನ್ನು ಬರೆಯಲು ಕೂತೆ. ಬರೆದು, ಅಚ್ಚಿಗೆ ಕಳಿಸುವ ಮೊದಲು, ವೈನಿಯ ಕೈಗೆ ಕೊಟ್ಟೆ. ಈ ಸಲ ಕೇಳದೆ ಕಳಿಸುವ ಹಾಗಿರಲಿಲ್ಲ. ಅವರು ಒಲೆ ಆರಿಸಿ, ಕೈ ಒರೆಸಿಕೊಂಡು, ಮಗಳ ಕೆಂಪು ಪೆನ್ನು ತೆಗೆದುಕೊಂಡು ಪಡಸಾಲೆಯಲ್ಲಿ ಕೂತರು. ಎರಡು ಸಲ ಓದಿದರು. ನಾನು ಎಂಟು ನಾಯಿ ಎಂದು ಬರೆದಿದ್ದೆ, ಆರು ಎಂದು ತಿದ್ದಿದರು. ಅವರ ಕೊನೆಯ ಹಾಳೆಯ ಮಾತುಗಳಲ್ಲಿ ನಾನು ಮರೆತಿದ್ದ ಒಂದು ಸಾಲನ್ನು ಸೇರಿಸಿದರು. ಅದು ಅವರಿಗೆ ಬಾಯಿಪಾಠ ಇತ್ತು.

"ನಿಮ್ಮ ಹೆಸರು ಹಾಕಲೇನ್ರಿ ವೈನಿ?" ಎಂದು ಕೇಳಿದೆ.

"ಹಾಕ್ರಿ. ಆಗ ಹೇಳಿದ್ದನ್ನ ಹಾಕ್ರಿ."

ಆದ್ದರಿಂದ ಹಾಕುತ್ತಿದ್ದೇನೆ. ಆ ಅಭಿಪ್ರಾಯ ಬರೆದವರು ಸುನಂದಾ ಮುಳಗುಂದ, ಧಾರವಾಡ. ನನ್ನ ಹೆಸರು ಅಲ್ಲಿ ಇದ್ದದ್ದು ಸುಳ್ಳು.

ಈ ಬರಹದ ತುದಿಗೆ ನಾನು ಇನ್ನೊಂದು ಸಾಲು ಬರೆದಿದ್ದೆ: ವೈನಿ ಇದನ್ನೆಲ್ಲ ಎಂದೋ ಮರೆತು ನನ್ನನ್ನು ಕ್ಷಮಿಸಿದ್ದಾರೆ, ಅದು ಅವರ ದೊಡ್ಡತನ ಎಂದು. ಅದರ ಮೇಲೆ ಅವರು ಕೆಂಪು ಪೆನ್ನಿನಿಂದ ಅಡ್ಡ ಗೆರೆ ಎಳೆದು, ಹಾಳೆಗಳನ್ನು ನನ್ನ ಕಡೆ ಸರಿಸಿದರು.

"ಇದನ್ನ ನಾ ಎಂದೂ ಹೇಳಿಲ್ಲ," ಎಂದರು.